ಹಿಮದ ದಿನಚರಿ

ಕನ್ನಡದಲ್ಲಿ ಮಳೆಗೆ ಎಷ್ಟು ಹೆಸರುಗಳಿವೆ ಎಂಬುದನ್ನು ಎಣಿಸುತ್ತಾ ಕುಳಿತರೆ ಒಂದು ಸಂಜೆ ಸಾಲದು. ಸೋನೆ, ಜಡಿ, ತುಂತುರು, ಜಿನುಗು, ಮುಸಲಧಾರೆ, ಆಲಿಕಲ್ಲು, ಹುಬ್ಬೆ, ಮಘೆ, ಸ್ವಾತಿ ಹೀಗೆ ಸಾಲು ಬೆಳೆಯುತ್ತಲೇ ಹೋಗುತ್ತದೆ. ಆದರೆ ಹಿಮದ ವಿಷಯಕ್ಕೆ ಬಂದರೆ ನಮ್ಮ ಭಾಷೆ ಬಡವಾಗುತ್ತದೆ. ಆಕಾಶದಿಂದ ಹಿಮ ಹೂವಿನಂತೆ ಉದುರಿದರೂ ನಮ್ಮ ಪತ್ರಿಕೆಗಳಲ್ಲಿ ಅದು ‘ಹಿಮಪಾತ’. ಪರ್ವತದ ಮೈಮೇಲೆ ಸಂಗ್ರಹವಾಗಿದ್ದ ಹಿಮರಾಶಿ ಕಿತ್ತುಬಂದು ಕೆಳಗಿನ ಊರನ್ನೇ ನುಂಗಿದರೂ ಅದು ‘ಹಿಮಪಾತ’. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ದುರಂತದ ಸುದ್ದಿ ಬಂದಾಗ ಹಲವು ಮನೆಗಳಲ್ಲಿ ಹಿರಿಯರು, “ಹಿಮ ಬಿದ್ದರೆ ಮನುಷ್ಯ ಅಷ್ಟು ಆಳದಲ್ಲಿ ಹೂತುಹೋಗುವುದು ಹೇಗೆ?” ಎಂದು ಕೇಳಿದ್ದುಂಟು. ಹಿಮವನ್ನೇ ಕಾಣದ ನಾಡಿನಲ್ಲಿ ಈ ಪ್ರಶ್ನೆ ಸಹಜವಾದುದು. ಈ ಲೇಖನದಲ್ಲಿ ಎರಡನೆಯ ಘಟನೆಗೆ ನಾನು ‘ಹಿಮಕುಸಿತ’ ಎಂಬ ಪದವನ್ನೇ ಬಳಸುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಿಮಾಲಯದ ಚಾರಣಕ್ಕೆ ಹೋಗಿಬರುತ್ತಿದ್ದೀರಿ. ಬಿಳಿಯ ಇಳಿಜಾರುಗಳ ಮುಂದೆ ನಿಂತು ತೆಗೆಸಿಕೊಂಡ ಛಾಯಾಚಿತ್ರಗಳನ್ನು ಪ್ರೀತಿಯಿಂದ ನನಗೂ ಕಳುಹಿಸುತ್ತೀರಿ. ಆ ಇಳಿಜಾರುಗಳನ್ನು ಮನುಷ್ಯನು ಓದಲು ಕಲಿತದ್ದು ಹೇಗೆ, ಅದಕ್ಕೆ ಎಷ್ಟು ಜನ ಬೆಲೆ ತೆತ್ತರು, ಓದಿದ ಮೇಲೂ ಸಾವುಗಳು ನಿಲ್ಲದಿರುವುದೇಕೆ ಎಂಬ ಚರಿತ್ರೆಯನ್ನು ನಿಮಗೆ ಹೇಳಬೇಕೆನ್ನಿಸಿತು. ಇತಿಹಾಸದ ಪಠ್ಯಪುಸ್ತಕಗಳಲ್ಲಿ ಯುದ್ಧಗಳಿಗೆ ಇರುವ ಜಾಗ ಇಂಥ ವಿಷಯಗಳಿಗೆ ಇರುವುದಿಲ್ಲ.

ಈ ಚರಿತ್ರೆಯ ತೊಟ್ಟಿಲು ಯೂರೋಪಿನ ಆಲ್ಪ್ಸ್ ಪರ್ವತಶ್ರೇಣಿ. ಸ್ವಿಟ್ಜರ್ಲೆಂಡಿನ ಗೊಟ್ಹಾರ್ಡ್ ಕಣಿವೆದಾರಿಯ ಬುಡದಲ್ಲಿ ಆಂಡರ್ಮಾಟ್ ಎಂಬ ಊರಿದೆ. ಊರಿನ ನೆತ್ತಿಯ ಮೇಲೆ ಕಡಿದಾದ ಇಳಿಜಾರು. ಅದರ ಮೇಲೆ ಒಂದು ತುಂಡು ಕಾಡು. ಹಿಮ ಜಾರದಂತೆ ಆ ಮರಗಳೇ ಹಿಡಿದಿಟ್ಟಿವೆ ಎಂಬುದು ಊರಿನವರಿಗೆ ಅನುಭವದಿಂದ ತಿಳಿದಿತ್ತು. ಆದ್ದರಿಂದ 1397ರಲ್ಲಿಯೇ ಅವರು ಒಂದು ಶಾಸನಪತ್ರವನ್ನು ಬರೆದು, ಆ ಕಾಡಿನ ಮರವನ್ನು ಯಾರೂ ಕಡಿಯಕೂಡದೆಂದು ವಿಧಿಸಿದರು. ಚಳಿಗಾಲದಲ್ಲಿ ಉರುವಲಿಗೆ ಪರದಾಡುವ ಜನ ಕಣ್ಣೆದುರಿಗಿನ ಕಾಡನ್ನು ಮುಟ್ಟದಿರಲು ಒಪ್ಪಿಕೊಂಡರೆಂದರೆ ಅವರ ಭಯ ಎಷ್ಟಿದ್ದಿರಬೇಕು! ನಮ್ಮ ಕಡೆ ದೇವರಕಾಡುಗಳನ್ನು ಭಕ್ತಿ ಉಳಿಸಿತು; ಅಲ್ಲಿ ಈ ಕಾಡನ್ನು ಹಿಮದ ಭಯ ಉಳಿಸಿತು.

ಆದರೆ ಊರಿನ ಅನುಭವ ಊರಿನಲ್ಲಿಯೇ ಉಳಿಯುತ್ತಿತ್ತು. ಪಕ್ಕದ ಕಣಿವೆಯಲ್ಲಿ ಎಷ್ಟು ಬಾರಿ ಹಿಮ ಕುಸಿಯಿತು, ಯಾವ ತಿಂಗಳಲ್ಲಿ, ಎಲ್ಲಿಂದ ಹೊರಟು ಎಲ್ಲಿ ನಿಂತಿತು ಎಂಬುದನ್ನು ಬರೆದಿಟ್ಟವರಿರಲಿಲ್ಲ. ಈ ಕೊರತೆಯನ್ನು ನೀಗಿಸಿದವನು ಯೋಹಾನ್ ಕೋಟ್ಸ್ (1822–1918) ಎಂಬ ಅರಣ್ಯಾಧಿಕಾರಿ. ಈತ ಒಳ್ಳೆಯ ಪರ್ವತಾರೋಹಿ ಕೂಡ. 1850ರಲ್ಲಿ ಪಿಟ್ಸ್ ಬರ್ನೀನಾ ಶಿಖರವನ್ನು ಮೊತ್ತಮೊದಲು ಏರಿದ ತಂಡದ ನಾಯಕ. 1875ರಲ್ಲಿ ಸ್ವಿಟ್ಜರ್ಲೆಂಡಿನ ಮೊದಲ ಮುಖ್ಯ ಅರಣ್ಯ ನಿರೀಕ್ಷಕನಾಗಿ ನೇಮಕಗೊಂಡ ಕೋಟ್ಸ್, ತೊಂಬತ್ತು ದಾಟಿದ ಮೇಲೆಯೂ ಆ ಹುದ್ದೆಯಲ್ಲಿದ್ದು 1914ರಲ್ಲಿ ನಿವೃತ್ತನಾದ. ಐವತ್ತೆಂಟಕ್ಕೋ ಅರವತ್ತಕ್ಕೋ ನಿವೃತ್ತರಾಗಿ ಕಾಲಹರಣದ ಚಿಂತೆಗೆ ಬೀಳುವ ನಮ್ಮಂಥವರು ಇದನ್ನು ಗಮನಿಸಬೇಕು!

ಕೋಟ್ಸ್ ಮಾಡಿದ ಕೆಲಸ ಮೇಲುನೋಟಕ್ಕೆ ಬಹಳ ಸರಳವಾದುದು. ತನ್ನ ಕೈಕೆಳಗಿನ ಅರಣ್ಯ ಸಿಬ್ಬಂದಿಯಿಂದ ಪ್ರತಿಯೊಂದು ಹಿಮಕುಸಿತದ ವರದಿಯನ್ನೂ ತರಿಸಿಕೊಂಡ. ಅದು ಹೊರಟ ಎತ್ತರ, ನಿಂತ ಎತ್ತರ, ಇಳಿಜಾರಿನ ದಿಕ್ಕು, ದಿನಾಂಕ, ನಾಶವಾದ ಮರ, ಮನೆ, ಜಾನುವಾರುಗಳ ಲೆಕ್ಕ ಇವೆಲ್ಲವನ್ನೂ ದಾಖಲಿಸಿದ. ಆಲ್ಪ್ಸಿನ ಹಿಮಕುಸಿತಗಳನ್ನು ಕುರಿತ ಅವನ ಗ್ರಂಥ 1881ರಲ್ಲಿ ಪ್ರಕಟವಾಯಿತು. ಈ ದಾಖಲೆಯಿಂದ ಹೊರಬಿದ್ದ ಮುಖ್ಯ ಸತ್ಯವೆಂದರೆ, ಹಿಮಕುಸಿತಕ್ಕೆ ತನ್ನದೇ ಆದ ಹಾದಿಗಳಿವೆ ಎಂಬುದು. ತೊರೆಗೆ ಪಾತ್ರವಿರುವಂತೆ ಹಿಮಕುಸಿತಕ್ಕೂ ಪಾತ್ರವಿದೆ. ಒಮ್ಮೆ ಬಂದ ದಾರಿಯಲ್ಲಿ ಅದು ಮತ್ತೊಮ್ಮೆ ಬರುತ್ತದೆ, ನಡುವೆ ಐವತ್ತು ವರ್ಷ ಕಳೆದಿದ್ದರೂ ಸರಿಯೆ. ದೈವದ ಮುನಿಸು ಎಂದು ಜನ ನಂಬಿದ್ದ ಸಂಗತಿಗೆ ಒಂದು ದಿನಚರಿ ಸಿಕ್ಕಂತಾಯಿತು.

ದಿನಚರಿ ಇದ್ದರೆ ಸಾಲದು, ಅದು ಹೇಳುವುದನ್ನು ಕೇಳುವವರೂ ಬೇಕು. ಈ ಮಾತಿಗೆ ಎರಡು ದಾರುಣ ನಿದರ್ಶನಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ದೊರೆಯುತ್ತವೆ.

ಮೊದಲನೆಯದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕ್ಯಾಸ್ಕೇಡ್ ಪರ್ವತಗಳ ನಡುವಣ ವೆಲಿಂಗ್ಟನ್ ಎಂಬ ಪುಟ್ಟ ರೈಲುನಿಲ್ದಾಣದಲ್ಲಿ ನಡೆದದ್ದು. 1910ರ ಫೆಬ್ರವರಿಯ ಕೊನೆಯ ವಾರದಲ್ಲಿ ಒಂದು ಪ್ರಯಾಣಿಕರ ರೈಲು, ಒಂದು ಅಂಚೆಯ ರೈಲು ಅಲ್ಲಿ ಹಿಮದಲ್ಲಿ ಸಿಕ್ಕಿಕೊಂಡವು. ಹಿಂದಕ್ಕೂ ಮುಂದಕ್ಕೂ ದಾರಿಯಿಲ್ಲ. ರೈಲುಗಳು ನಿಂತದ್ದು ಕಾಡ್ಗಿಚ್ಚಿನಿಂದ ಮರಗಳನ್ನು ಕಳೆದುಕೊಂಡಿದ್ದ ಬೋಳು ಇಳಿಜಾರಿನ ಕೆಳಗೆ. ದಿನಗಳುರುಳಿದಂತೆ ಪ್ರಯಾಣಿಕರು ತಲೆಯೆತ್ತಿ ಆ ಇಳಿಜಾರನ್ನು ನೋಡತೊಡಗಿದರು. ಸಮೀಪದ ಸುರಂಗದೊಳಕ್ಕೆ ರೈಲನ್ನು ಸರಿಸಿರೆಂದು ಕೇಳಿಕೊಂಡರು. ಹೊಗೆ, ಚಳಿ, ಕಲ್ಲಿದ್ದಲಿನ ಅಭಾವ ಮುಂತಾದ ಕಾರಣಗಳಿಂದ ಅಧಿಕಾರಿಗಳು ಅದಕ್ಕೆ ಒಪ್ಪಲಿಲ್ಲ. ಕೆಲವರು ಧೈರ್ಯಮಾಡಿ ಹಿಮದಲ್ಲಿ ನಡೆದೇ ಕೆಳಗಿಳಿದು ಬದುಕಿಕೊಂಡರು. ವೃದ್ಧರು, ತಾಯಂದಿರು, ಮಕ್ಕಳು ಅಲ್ಲಿಯೇ ಉಳಿದರು. ತಿಂಗಳ ಕೊನೆಯಲ್ಲಿ ಹಿಮ ಬೀಳುವುದು ನಿಂತು ಬೆಚ್ಚಗಿನ ಗಾಳಿಯೊಂದಿಗೆ ಮಳೆ ಆರಂಭವಾಯಿತು. ಮಾರ್ಚ್ 1ರ ನಸುಕಿಗೆ ಮುಂಚೆ, ಗುಡುಗು ಮಿಂಚುಗಳ ನಡುವೆ, ಇಡೀ ಇಳಿಜಾರೇ ಕಳಚಿಕೊಂಡು ಎರಡೂ ರೈಲುಗಳನ್ನು ಕೆಳಗಿನ ನದಿಯ ಕಮರಿಗೆ ಎಸೆಯಿತು. 96 ಜನ ಮಡಿದರು. ಅಮೆರಿಕದ ಇತಿಹಾಸದಲ್ಲಿ ಅತಿ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಹಿಮಕುಸಿತ ಇದೇ.

ಎರಡನೆಯದು ಮೊದಲನೆಯ ಮಹಾಯುದ್ಧದ ಕಾಲದ್ದು. ಇಟಲಿ ಮತ್ತು ಆಸ್ಟ್ರಿಯಾ ಸೈನ್ಯಗಳು ಆಲ್ಪ್ಸಿನ ಶಿಖರಗಳ ಮೇಲೆ ಎದುರುಬದುರಾಗಿ ನಿಂತಿದ್ದವು. ಮಾರ್ಮೊಲಾಡಾ ಪರ್ವತದ ಮೇಲೆ, ಗ್ರಾನ್ ಪೋಟ್ಸ್ ಎಂಬಲ್ಲಿ, ಆಸ್ಟ್ರಿಯಾದ ಸೈನಿಕರ ಮರದ ವಸತಿಗಳಿದ್ದವು. ಶತ್ರುವಿನ ಫಿರಂಗಿಗಳಿಂದ ಆ ಸ್ಥಳ ಸುರಕ್ಷಿತ. ಆದರೆ ಮೇಲಿನ ಹಿಮದಿಂದಲ್ಲ. ಅಲ್ಲಿನ ತುಕಡಿಯ ನಾಯಕ ಅಪಾಯವನ್ನರಿತು ಸ್ಥಳ ಬದಲಿಸಲು ಅನುಮತಿ ಬೇಡಿದ, ಮೇಲಧಿಕಾರಿಗಳು ನಿರಾಕರಿಸಿದರು. 1916ರ ಡಿಸೆಂಬರಿನಲ್ಲಿ ದಿನಗಟ್ಟಲೆ ಹಿಮ ಸುರಿದು, ಕೊನೆಗೆ ಹವೆ ಬೆಚ್ಚಗಾಗಿ, 13ನೆಯ ತಾರೀಖಿನ ಬೆಳಗಿನ ಜಾವ ಹಿಮರಾಶಿ ಕುಸಿಯಿತು. ನಿದ್ರಿಸುತ್ತಿದ್ದ ಸುಮಾರು 270 ಸೈನಿಕರು ಅಲ್ಲಿಯೇ ಸತ್ತರು. ಅದೇ ಚಳಿಗಾಲದಲ್ಲಿ ಆ ಯುದ್ಧರಂಗದ ಉದ್ದಕ್ಕೂ ಎರಡೂ ಪಕ್ಷಗಳ ಸಾವಿರಾರು ಮಂದಿ ಹಿಮದ ಪಾಲಾದರು. ಆ ದಿನವನ್ನು ಚರಿತ್ರೆ ‘ಬಿಳಿಯ ಶುಕ್ರವಾರ’ ಎಂದು ಕರೆಯುತ್ತದೆ. ಪಂಚಾಂಗ ತೆಗೆದು ನೋಡಿದರೆ ಅದು ಬುಧವಾರ!

ಈ ಎರಡೂ ಘಟನೆಗಳಲ್ಲಿ ಅಪಾಯ ಯಾರಿಗೂ ಕಾಣದೇ ಇರಲಿಲ್ಲ. ಕಂಡವರ ಕೈಯಲ್ಲಿ ಅಧಿಕಾರವಿರಲಿಲ್ಲ. ಅಧಿಕಾರವಿದ್ದವರು ಅದನ್ನು ಊಹೆ, ಅಂಜಿಕೆ ಎಂದು ತಳ್ಳಿಹಾಕಬಹುದಾಗಿತ್ತು. ‘ನನಗೆ ಭಯವಾಗುತ್ತಿದೆ’ ಎಂಬ ಮಾತಿಗೂ, ‘ಕೆಳಗಿನ ಪದರ ಸಡಿಲವಾಗಿದೆ, ಮೇಲೆ ಇಷ್ಟು ಅಡಿ ಹೊಸ ಹಿಮ ಕುಳಿತಿದೆ, ಉಷ್ಣತೆ ಇಷ್ಟು ಏರಿದೆ’ ಎಂಬ ಮಾತಿಗೂ ವ್ಯತ್ಯಾಸವಿದೆ. ಎರಡನೆಯ ಬಗೆಯ ಮಾತನ್ನು ಆಡಲು ವಿಜ್ಞಾನ ಹುಟ್ಟಬೇಕಾಗಿತ್ತು.

ಅದು ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ದಾವೋಸ್ ಊರಿನ ಮೇಲಿರುವ ವೈಸ್‌ಫ್ಲೂಯೋಖ್ ಎಂಬ ಎತ್ತರದ ಏಣಿನಲ್ಲಿ. 1930ರ ದಶಕದ ನಡುವೆ ಕೆಲವು ಯುವ ವಿಜ್ಞಾನಿಗಳು ಅಲ್ಲಿ ಹಿಮದಿಂದಲೇ ಕಟ್ಟಿದ ಗುಡಿಸಿಲಿನಲ್ಲಿ ಪ್ರಯೋಗಗಳನ್ನು ಆರಂಭಿಸಿದರು. ಅವರಲ್ಲಿ ಒಬ್ಬ ಹರಳುಗಳನ್ನು ಬಲ್ಲವನು, ಮತ್ತೊಬ್ಬ ಮಣ್ಣಿನ ಬಲವನ್ನು ಅಳೆಯುವ ಎಂಜಿನಿಯರು, ಇನ್ನೊಬ್ಬ ಹವಾಮಾನ ತಜ್ಞ. ಸುಮಾರು 2,540 ಮೀಟರು ಎತ್ತರದ ಒಂದು ಸಮತಟ್ಟು ಜಾಗವನ್ನು ಗುರುತುಮಾಡಿಕೊಂಡು, 1936ರಿಂದ ಅಲ್ಲಿ ಪ್ರತಿದಿನವೂ ಹಿಮದ ಆಳವನ್ನು ಅಳೆಯತೊಡಗಿದರು. ಹದಿನೈದು ದಿನಗಳಿಗೊಮ್ಮೆ ನೆಲಮುಟ್ಟುವವರೆಗೆ ಗುಂಡಿ ತೋಡಿ, ಪದರಪದರವನ್ನೂ ಪರೀಕ್ಷಿಸಿದರು. ಆ ಅಳತೆ ಇಂದಿಗೂ ಮುಂದುವರಿದಿದೆ. 1939ರಲ್ಲಿ ಅವರು ಹಿಮ ಮತ್ತು ಅದರ ರೂಪಾಂತರವನ್ನು ಕುರಿತು ಪ್ರಕಟಿಸಿದ ಗ್ರಂಥ ಈ ಶಾಸ್ತ್ರದ ಅಡಿಗಲ್ಲೆನಿಸಿತು.

‘ರೂಪಾಂತರ’ ಎಂಬ ಮಾತಿನಲ್ಲಿಯೇ ಅವರ ಮುಖ್ಯ ಶೋಧನೆ ಅಡಗಿದೆ. ಬಿದ್ದ ಹಿಮ ಬಿದ್ದಂತೆಯೇ ಇರುವುದಿಲ್ಲ. ಚಳಿಗಾಲದಲ್ಲಿ ನೆಲಕ್ಕೆ ತಾಗಿದ ಹಿಮದ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೇಲ್ಮೈಯ ಉಷ್ಣತೆ ಸೊನ್ನೆಗಿಂತ ಹದಿನೈದು, ಇಪ್ಪತ್ತು ಡಿಗ್ರಿ ಕೆಳಗಿಳಿದಿರಬಹುದು. ಈ ಅಂತರದಿಂದಾಗಿ ಕೆಳಗಿನ ಹರಳುಗಳಿಂದ ನೀರಾವಿ ಹೊರಟು, ಮೇಲಿನ ಹರಳುಗಳ ಮೇಲೆ ಹೆಪ್ಪುಗಟ್ಟುತ್ತಾ, ದೊಡ್ಡ ದೊಡ್ಡ ಬಟ್ಟಲಾಕಾರದ ಹರಳುಗಳು ಬೆಳೆಯುತ್ತವೆ. ಅವು ದಪ್ಪ ಸಕ್ಕರೆಯಂತೆ ಬಿಡಿಬಿಡಿಯಾಗಿರುತ್ತವೆ, ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಅದರ ಮೇಲೆ ಗಾಳಿ ತಂದು ಒತ್ತಿದ ಹೊಸ ಹಿಮ ಹಲಗೆಯಂತೆ ಕೂರುತ್ತದೆ. ಓರೆಯಾದ ಬಂಡೆಯ ಮೇಲೆ ರಾಗಿಕಾಳು ಹರಡಿ, ಅದರ ಮೇಲೊಂದು ಹಲಗೆಯಿಟ್ಟು, ಹಲಗೆಯ ಮೇಲೆ ಮಗುವನ್ನು ನಿಲ್ಲಿಸಿದರೆ ಏನಾಗುವುದೆಂದು ಯೋಚಿಸಿ. ಹಿಮಕುಸಿತದ ತತ್ತ್ವ ಅದೇ. ಹೆಚ್ಚಿನವು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆರಂಭವಾಗುತ್ತವೆ. ಅದಕ್ಕಿಂತ ಕಡಿದಾದಲ್ಲಿ ಹಿಮ ಆಗಾಗ ತಾನೇ ಉದುರಿಹೋಗಿ ಸಂಗ್ರಹವಾಗುವುದಿಲ್ಲ, ಮಟ್ಟಸವಾದಲ್ಲಿ ಜಾರುವುದಿಲ್ಲ.

ಮೇಲಿನಿಂದ ನೋಡುವವನಿಗೆ ಈ ಸಡಿಲ ಪದರ ಕಾಣುವುದಿಲ್ಲ. ಆದ್ದರಿಂದಲೇ ವೀಕ್ಷಣೆಗೆ ಮಹತ್ತ್ವ. ವೀಕ್ಷಕನು ಬೆಳಗಾದರೆ ಹೊರಗೆ ಹೋಗಿ, ರಾತ್ರಿ ಎಷ್ಟು ಹೊಸ ಹಿಮ ಬಿದ್ದಿದೆ, ಗಾಳಿ ಎತ್ತಣಿಂದ ಬೀಸಿದೆ, ಉಷ್ಣತೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಬರೆದುಕೊಳ್ಳುತ್ತಾನೆ. ಆಮೇಲೆ ಸುತ್ತಲಿನ ಇಳಿಜಾರುಗಳನ್ನು ದೂರದರ್ಶಕದಲ್ಲಿ ಒಂದೊಂದಾಗಿ ನೋಡಿ, ನಿನ್ನೆಯಿಂದ ಇಂದಿನವರೆಗೆ ಎಲ್ಲೆಲ್ಲಿ ಹಿಮ ಕುಸಿದಿದೆ ಎಂದು ಗುರುತಿಸುತ್ತಾನೆ. ಎಲ್ಲ ಉಪಕರಣಗಳಿಗಿಂತಲೂ ನಂಬಿಕೆಗೆ ಅರ್ಹವಾದ ಸಾಕ್ಷಿ ಇದೇ. ಉತ್ತರಕ್ಕೆ ಮುಖಮಾಡಿದ ಒಂದು ಇಳಿಜಾರು ಕುಸಿದಿದ್ದರೆ, ಅದೇ ದಿಕ್ಕಿನ, ಅದೇ ಎತ್ತರದ ನೆರೆಯ ಇಳಿಜಾರೂ ಕುಸಿಯಲು ಸಿದ್ಧವಾಗಿದೆ ಎಂದರ್ಥ. ನಡೆಯುವಾಗ ಕಾಲ ಕೆಳಗೆ ‘ಧೊಪ್’ ಎಂದು ಹಿಮ ಕೂತಂತೆ ಶಬ್ದವಾದರೆ, ಹೆಜ್ಜೆಯಿಂದ ಬಿರುಕು ಓಡಿದರೆ, ಒಳಗಿನ ಪದರ ಮುರಿಯುತ್ತಿದೆ ಎಂದರ್ಥ. ಏನೂ ಕುಸಿಯದ ದಿನ ‘ಏನೂ ಇಲ್ಲ’ ಎಂದು ಬರೆಯುವುದೂ ಅವನ ಕರ್ತವ್ಯವೇ. ಶಾಲೆಯ ಹಾಜರಿ ಪುಸ್ತಕವನ್ನು ವರ್ಷಗಟ್ಟಲೆ ತುಂಬಿದ ನನಗೆ ಈ ಕೆಲಸದ ಬೇಸರವೂ ಅದರ ಬೆಲೆಯೂ ಅರ್ಥವಾಗುತ್ತದೆ. ಒಂದು ದಿನದ ಪುಟ ಏನನ್ನೂ ಹೇಳುವುದಿಲ್ಲ; ಇಪ್ಪತ್ತು ವರ್ಷಗಳ ಪುಟಗಳು ಬಹಳ ಹೇಳುತ್ತವೆ.

ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ, ಅದುವರೆಗೆ ಸೈನ್ಯದ ಕೈಯಲ್ಲಿದ್ದ ಎಚ್ಚರಿಕೆ ನೀಡುವ ಕೆಲಸವನ್ನು ದಾವೋಸಿನ ಸಂಸ್ಥೆ ವಹಿಸಿಕೊಂಡಿತು. ಅದೇ ವರ್ಷ ಅಮೆರಿಕದ ಯೂಟಾ ರಾಜ್ಯದ ಆಲ್ಟಾ ಎಂಬಲ್ಲಿ, ಯುದ್ಧದಿಂದ ಗಾಯಗೊಂಡು ಮರಳಿದ್ದ ಮಾಂಟ್‌ಗೊಮೆರಿ ಆಟ್‌ವಾಟರ್ ಅರಣ್ಯ ಇಲಾಖೆಯ ಹಿಮರಕ್ಷಕನಾಗಿ ಕೆಲಸಕ್ಕೆ ಸೇರಿದ. ಹಿಮ ಎಷ್ಟು ಬಿತ್ತು ಎಂಬುದರಷ್ಟೇ ಎಷ್ಟು ವೇಗವಾಗಿ ಬಿತ್ತು ಎಂಬುದೂ ಮುಖ್ಯವೆಂದು ಆತ ತೋರಿಸಿದ. ಜನರಿಲ್ಲದ ಹೊತ್ತಿನಲ್ಲಿ ಸಿಡಿಮದ್ದು, ಫಿರಂಗಿಗಳಿಂದ ಹೊಡೆದು ಹಿಮವನ್ನು ತಾವಾಗಿಯೇ ಕೆಡವುವ ಪದ್ಧತಿಯನ್ನೂ ಅವನ ತಂಡ ರೂಢಿಗೆ ತಂದಿತು. ಕೊಲ್ಲುವುದಕ್ಕೆಂದು ಎರಕ ಹೊಯ್ದ ಫಿರಂಗಿಗಳು ಹೀಗೆ ಜೀವ ಉಳಿಸುವ ಕೆಲಸಕ್ಕೆ ಬಂದವು.

ವೀಕ್ಷಣೆಯಿಂದ ಫಲವಾಯಿತೇ? ಎರಡು ಚಳಿಗಾಲಗಳನ್ನು ಹೋಲಿಸಿದರೆ ಉತ್ತರ ಸಿಗುತ್ತದೆ. 1950–51ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡ್ ಒಂದರಲ್ಲಿಯೇ ಹಿಮಕುಸಿತಗಳಿಂದ 98 ಜನ ಸತ್ತರು. ಆ ಆಘಾತದಿಂದ ಎಚ್ಚೆತ್ತ ದೇಶ, ಹಳೆಯ ದಾಖಲೆಗಳ ಆಧಾರದ ಮೇಲೆ ಊರೂರಿನ ಅಪಾಯದ ನಕ್ಷೆಗಳನ್ನು ತಯಾರಿಸಿತು. ಇಳಿಜಾರುಗಳ ಮೇಲೆ ಉಕ್ಕಿನ ತಡೆಬೇಲಿಗಳನ್ನು ನಿಲ್ಲಿಸಿತು. 1999ರ ಫೆಬ್ರವರಿಯಲ್ಲಿ ಅಂಥದೇ ಭೀಕರ ಹಿಮ ಮರಳಿ ಬಂತು. ಅಷ್ಟರಲ್ಲಿ ಪರ್ವತಗಳಲ್ಲಿ ಮನೆಗಳು, ರಸ್ತೆಗಳು, ಪ್ರವಾಸಿಗರು ಹಲವು ಪಟ್ಟು ಹೆಚ್ಚಿದ್ದರು. ಆದರೂ ಊರುಗಳಲ್ಲಿ, ರಸ್ತೆಗಳಲ್ಲಿ ಸತ್ತವರು 17 ಮಂದಿ. ರಸ್ತೆ ಮುಚ್ಚಿ, ಜನರನ್ನು ಮೊದಲೇ ತೆರವುಗೊಳಿಸಿದ್ದರಿಂದ ಉಳಿದವರ ಸಂಖ್ಯೆ ಎಷ್ಟೆಂದು ಯಾರೂ ಎಣಿಸಲಾರರು. ಆದರೆ ಅದೇ ತಿಂಗಳ 23ರಂದು ನೆರೆಯ ಆಸ್ಟ್ರಿಯಾದ ಗಾಲ್ಟ್ಯೂರ್ ಎಂಬ ಊರಿನಲ್ಲಿ, ಸುರಕ್ಷಿತವೆಂದು ನಕ್ಷೆಯಲ್ಲಿ ಗುರುತಿಸಿದ್ದ ಜಾಗಕ್ಕೇ ಹಿಮ ನುಗ್ಗಿ 31 ಜನರನ್ನು ಕೊಂದಿತು. ದಿನಚರಿಯಲ್ಲಿ ಹಿಂದೆಂದೂ ದಾಖಲಾಗದಿದ್ದುದು ಮುಂದೆ ಸಂಭವಿಸಲಾರದು ಎಂದು ತಿಳಿಯಬಾರದೆಂಬ ಪಾಠವನ್ನು ಅದು ಕಲಿಸಿತು.

ಇನ್ನು ನಿಮಗೆ ನೇರವಾಗಿ ಸಂಬಂಧಿಸಿದ ವಸಂತಕಾಲದ ಹಿಮದ ಸಂಗತಿ. ಚಳಿಗಾಲ ಕಳೆದು ಬಿಸಿಲೇರಿದ ಮೇಲೆ ಅಪಾಯ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಅಪಾಯದ ಸ್ವರೂಪ ಬದಲಾಗುತ್ತದೆ ಅಷ್ಟೆ. ವೆಲಿಂಗ್ಟನ್ನಿನ ರೈಲುಗಳನ್ನು ಕೆಡವಿದ್ದು ಹಿಮದ ಮೇಲೆ ಸುರಿದ ಮಳೆ. ಬಿಸಿಲಾಗಲಿ ಮಳೆಯಾಗಲಿ, ಮೇಲ್ಮೈಯ ಹಿಮವನ್ನು ಕರಗಿಸಿದಾಗ ಆ ನೀರು ಪದರಗಳೊಳಗೆ ಇಳಿಯುತ್ತದೆ. ಹರಳುಗಳನ್ನು ಬೆಸೆದಿದ್ದ ಬೆಸುಗೆ ಬಿಟ್ಟುಹೋಗುತ್ತದೆ. ಇಡೀ ಹಿಮರಾಶಿ ಮೇಲಿನಿಂದ ಕೆಳಗಿನವರೆಗೆ ಸೊನ್ನೆ ಡಿಗ್ರಿಗೆ ಬಂದು, ನೆನೆದ ಸಕ್ಕರೆಯಂತೆ ಭಾರವಾಗಿ ಸಡಿಲವಾಗುತ್ತದೆ. ಇಂಥ ಒದ್ದೆ ಹಿಮದ ಕುಸಿತ ನಿಧಾನವಾಗಿ ಬರುವುದಾದರೂ ಅದರ ತೂಕ ಬಹಳ. ನಿಂತೊಡನೆ ಗಾರೆಯಂತೆ ಗಟ್ಟಿಯಾಗುತ್ತದೆ.

ಈ ಕಾಲದ ಹಿಮಕ್ಕೆ ಒಂದು ದಿನದ ಲಯವಿದೆ. ರಾತ್ರಿ ಆಕಾಶ ನಿರ್ಮಲವಾಗಿದ್ದರೆ ಹಿಮ ತನ್ನ ಶಾಖವನ್ನು ಬಾನಿಗೆ ಬಿಟ್ಟುಕೊಟ್ಟು ಮತ್ತೆ ಹೆಪ್ಪುಗಟ್ಟುತ್ತದೆ. ಬೆಳಗಿನ ಜಾವ ಅದರ ಮೇಲ್ಪದರ ಹಾಸುಗಲ್ಲಿನಂತೆ ಗಟ್ಟಿಯಾಗಿದ್ದು, ನಡೆದರೆ ಕಾಲು ಹೂಳುವುದಿಲ್ಲ. ಸೂರ್ಯ ಮೇಲೇರಿದಂತೆ ಮೊದಲು ಪೂರ್ವಕ್ಕೆ ಮುಖಮಾಡಿದ ಇಳಿಜಾರು ಮೆತ್ತಗಾಗುತ್ತದೆ, ಆಮೇಲೆ ದಕ್ಷಿಣದ್ದು, ಮಧ್ಯಾಹ್ನದ ಮೇಲೆ ಪಶ್ಚಿಮದ್ದು. ಆದ್ದರಿಂದ ಪರ್ವತದ ಜನ ಕತ್ತಲಿರುವಾಗಲೇ ಹೊರಟು, ಹೊತ್ತೇರುವ ಮುನ್ನ ಇಳಿದುಬಿಡುತ್ತಾರೆ. ನಿಮ್ಮ ಮಾರ್ಗದರ್ಶಕ ರಾತ್ರಿ ಎರಡು ಗಂಟೆಗೆ ಎಬ್ಬಿಸಿದಾಗ ಗೊಣಗಬೇಡಿ. ಇನ್ನೊಂದು ಮಾತು: ರಾತ್ರಿಯಿಡೀ ಮೋಡ ಕವಿದಿದ್ದರೆ ಹಿಮ ಹೆಪ್ಪುಗಟ್ಟಿರುವುದಿಲ್ಲ. ಮೋಡ ಕಂಬಳಿ ಹೊದಿಸಿದಂತೆ ಶಾಖವನ್ನು ತಡೆದಿರುತ್ತದೆ. ಅಂಥ ಬೆಳಗಿನಲ್ಲಿ ಗಡಿಯಾರ ಐದು ತೋರಿಸಿದರೂ ಹಿಮದ ಪಾಲಿಗೆ ಅದು ಮಧ್ಯಾಹ್ನವೇ. ಕಾಲು ಮೊಣಕಾಲಿನವರೆಗೆ ಹೂಳುತ್ತಿದ್ದರೆ, ಇಳಿಜಾರಿನ ಮೇಲಿಂದ ಪುಟ್ಟ ಪುಟ್ಟ ಹಿಮದ ಉಂಡೆಗಳು ತಾವಾಗಿಯೇ ಉರುಳತೊಡಗಿದ್ದರೆ, ಹಿಂದಿರುಗುವ ಸಮಯ ಬಂದಿತೆಂದು ತಿಳಿಯಬೇಕು.

ನಮ್ಮ ದೇಶದಲ್ಲಿ ಈ ವೀಕ್ಷಣೆಯ ಚರಿತ್ರೆ ಸೈನ್ಯದೊಂದಿಗೆ ಬೆಳೆದದ್ದು. 1969ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ಅಂಗವಾಗಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನ ಕೇಂದ್ರ ಆರಂಭವಾಯಿತು. ಮನಾಲಿಯ ಮೇಲಿನ ಧುಂಡಿ, ಲಾಹೌಲಿನ ಪತ್ಸಿಯೋ ಮುಂತಾದೆಡೆ ವೀಕ್ಷಣಾಲಯಗಳು ತಲೆಯೆತ್ತಿದವು. ಆ ಕಣಿವೆಗಳಿಗೆ ಅದರ ಅಗತ್ಯವೆಷ್ಟಿತ್ತೆಂಬುದು 1979ರ ಮಾರ್ಚ್ ತಿಂಗಳಲ್ಲಿ ಗೊತ್ತಾಯಿತು. ಆಗ ಲಾಹೌಲಿನಲ್ಲಿ ಸಾಲುಸಾಲಾಗಿ ಹಿಮ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮನಾಲಿಯ ಆ ಕೇಂದ್ರವನ್ನು 2020ರಲ್ಲಿ ಮತ್ತೊಂದು ಪ್ರಯೋಗಾಲಯದೊಡನೆ ವಿಲೀನಗೊಳಿಸಿ, ಚಂಡೀಗಢದಲ್ಲಿ ಹೊಸ ಹೆಸರಿನ ಸಂಸ್ಥೆಯನ್ನಾಗಿ ಮಾಡಲಾಯಿತು. ಕಾಶ್ಮೀರದಿಂದ ಉತ್ತರಾಖಂಡದವರೆಗಿನ ಹಿಮಕುಸಿತದ ಎಚ್ಚರಿಕೆಗಳು ಈಗ ಅಲ್ಲಿಂದ ಹೊರಡುತ್ತವೆ.

1984ರ ಏಪ್ರಿಲ್ 13ರಂದು ನಮ್ಮ ಸೈನ್ಯ ಸಿಯಾಚಿನ್ ಏರಿದ ಮೇಲೆ ಈ ಕೆಲಸ ಇನ್ನಷ್ಟು ಕಠಿಣವಾಯಿತು. ಆ ಹಿಮನದಿಯ ಮೇಲೆ ಎರಡೂ ದೇಶಗಳ ಸೈನಿಕರು ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ಹವೆಗೂ ಹಿಮಕ್ಕೂ ಬಲಿಯಾಗಿದ್ದಾರೆ. 2012ರ ಏಪ್ರಿಲ್ 7ರ ಬೆಳಗಿನ ಜಾವ ಸಿಯಾಚಿನ್ ಸಮೀಪದ ಗಯಾರಿಯಲ್ಲಿ ಪಾಕಿಸ್ತಾನದ ಸೇನಾ ಶಿಬಿರದ ಮೇಲೆ ಹಿಮಕುಸಿತವಾಗಿ 140 ಜನ ಹೂತುಹೋದರು. ಗಾಲ್ಟ್ಯೂರಿನಂತೆ ಅದೂ ವರ್ಷಗಟ್ಟಲೆ ಸುರಕ್ಷಿತವಾಗಿದ್ದ ಜಾಗವೇ.

ನಾಲ್ಕು ವರ್ಷಗಳ ಬಳಿಕ, 2016ರ ಫೆಬ್ರವರಿ 3ರಂದು, ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆಯೇ ಕಳಚಿ ಬಿತ್ತು. ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಅದರಡಿ ಸಿಕ್ಕಿದರು. ಅವರಲ್ಲಿ ಮೂವರು ಕನ್ನಡ ನಾಡಿನವರು; ಧಾರವಾಡ, ಹಾಸನ, ಮೈಸೂರು ಜಿಲ್ಲೆಗಳಿಂದ ಹೋದವರು. ಹೂತುಹೋದವನನ್ನು ಹತ್ತು ಹದಿನೈದು ನಿಮಿಷಗಳೊಳಗೆ ಹೊರತೆಗೆದರೆ ಬದುಕುವ ಸಂಭವ ಹೆಚ್ಚು. ಅರ್ಧ ಗಂಟೆ ದಾಟಿದರೆ ಅದು ಬಹಳ ಕಡಿಮೆ ಎಂಬುದು ಈ ಶಾಸ್ತ್ರದ ಅನುಭವ. ಹಾಗಿದ್ದೂ, ಆರನೆಯ ದಿನ ಸುಮಾರು 25 ಅಡಿ ಆಳದಲ್ಲಿ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಜೀವಂತವಾಗಿ ದೊರೆತರು. ನಾಡಿಗೆ ನಾಡೇ ಪ್ರಾರ್ಥಿಸಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಅಂದು ದೂರದರ್ಶನದ ಮುಂದೆ ಕುಳಿತು ಕಣ್ಣೊರೆಸಿಕೊಂಡವರು ನೀವೂ ಹಲವರಿದ್ದೀರಿ.

ಇಷ್ಟೆಲ್ಲ ಓದಿದ ಮೇಲೆ ನನ್ನನ್ನು ಕಾಡುವ ಪ್ರಶ್ನೆ ಒಂದೇ. ಹಿಮದ ಬಗ್ಗೆ ಮನುಷ್ಯ ಸಂಪಾದಿಸಿದ ಜ್ಞಾನ ಯಾರನ್ನು ಕಾಪಾಡುತ್ತದೆ? ಯೂರೋಪಿನಲ್ಲಿ 1993ರಿಂದ ಅಪಾಯವನ್ನು ಒಂದರಿಂದ ಐದರವರೆಗಿನ ದರ್ಜೆಗಳಲ್ಲಿ ಸಾರುತ್ತಾರೆ. ಅತ್ಯಂತ ಭೀಕರವಾದ ಐದನೆಯ ದರ್ಜೆಯ ದಿನಗಳಲ್ಲಿ ಜನ ಮನೆಯಲ್ಲಿ ಉಳಿಯುತ್ತಾರೆ. ಅತಿ ಹೆಚ್ಚು ಸಾವುಗಳು ಸಂಭವಿಸುವುದು ಮೂರನೆಯ ದರ್ಜೆಯ ದಿನಗಳಲ್ಲಿ. ಮನರಂಜನೆಗೆಂದು ಪರ್ವತಕ್ಕೆ ಹೋದವರ ದುರಂತಗಳಲ್ಲಿ, ಹತ್ತರಲ್ಲಿ ಒಂಬತ್ತು ಪಾಲು, ಹಿಮವನ್ನು ಕದಲಿಸುವುದು ಸತ್ತವರ ಅಥವಾ ಅವರ ಜೊತೆಗಾರರ ತೂಕವೇ. ಅವರಿಗೆ ಹಿಂದಿರುಗುವ ಅವಕಾಶವಿತ್ತು, ಬಳಸಿಕೊಳ್ಳಲಿಲ್ಲ.

ಇನ್ನೊಂದು ಬಗೆಯ ಜನರಿಗೆ ಆ ಅವಕಾಶವೇ ಇರುವುದಿಲ್ಲ. 2025ರ ಫೆಬ್ರವರಿ 28ರಂದು ಬದರಿನಾಥದ ಹತ್ತಿರದ ಮಾಣಾದಲ್ಲಿ, ಗಡಿ ರಸ್ತೆಯ ಹಿಮ ತೆರವುಗೊಳಿಸುವ 54 ಕಾರ್ಮಿಕರು ಮಲಗಿದ್ದ ತಗಡಿನ ಕೋಣೆಗಳ ಮೇಲೆ ಹಿಮ ಕುಸಿಯಿತು. 46 ಮಂದಿಯನ್ನು ಬದುಕಿಸಲಾಯಿತು, 8 ಮಂದಿ ಸತ್ತರು. ಹಿಂದಿನ ಸಂಜೆಯೇ ಚಂಡೀಗಢದ ಸಂಸ್ಥೆ ಆ ಜಿಲ್ಲೆಗೆ ಎಚ್ಚರಿಕೆ ಕಳುಹಿಸಿತ್ತು. ವೀಕ್ಷಕ ತನ್ನ ಕೆಲಸ ಮಾಡಿದ್ದ. ಆದರೆ ದಿನಗೂಲಿಗೆ ದುಡಿಯಲು ಬಂದವನು ಎಚ್ಚರಿಕೆಯ ಪತ್ರ ನೋಡಿ ಗಂಟುಮೂಟೆ ಕಟ್ಟಬಲ್ಲನೇ? ಠಾಣೆಯ ಕಾವಲಿಗಿರುವ ಸೈನಿಕ ಇಳಿದು ಬರಬಲ್ಲನೇ? ವೆಲಿಂಗ್ಟನ್ನಿನ ಪ್ರಯಾಣಿಕರು, ಮಾರ್ಮೊಲಾಡಾದ ಸೈನಿಕರು, ಮಾಣಾದ ಕಾರ್ಮಿಕರು ಈ ಮೂವರ ನಡುವೆ ನೂರಹದಿನೈದು ವರ್ಷಗಳ ಅಂತರವಿದೆ. ಆ ಅವಧಿಯಲ್ಲಿ ಹಿಮವನ್ನು ಓದುವ ವಿದ್ಯೆ ಅಗಾಧವಾಗಿ ಬೆಳೆದಿದೆ. ಓದಿದ್ದನ್ನು ಕೇಳಿ, ಕೆಳಗಿನವರನ್ನು ಸಕಾಲದಲ್ಲಿ ಬೇರೆಡೆಗೆ ಸಾಗಿಸುವ ಹೊಣೆಗಾರಿಕೆ ಮಾತ್ರ ಅಷ್ಟೇ ಬೆಳೆದಿದೆ ಎಂದು ಹೇಳಲು ನನಗೆ ಧೈರ್ಯ ಬಾರದು. 1999ರಲ್ಲಿ ಸ್ವಿಟ್ಜರ್ಲೆಂಡಿನ ಪುಟ್ಟ ಊರುಗಳಿಗೆ ಸಾಧ್ಯವಾದದ್ದು ನಮ್ಮ ಗಡಿಯ ಶಿಬಿರಗಳಿಗೂ ಸಾಧ್ಯವಾಗಬೇಕು. ವಿಜ್ಞಾನಿಗಳು ದಿನಚರಿ ಬರೆಯುತ್ತಲೇ ಇದ್ದಾರೆ. ಅದನ್ನು ಆಜ್ಞೆಯಾಗಿ ಮಾರ್ಪಡಿಸಬೇಕಾದವರು ಬೇರೆ.

ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗಿದ್ದೀರಿ, ಕೆಲವರು ಸರ್ಕಾರಿ ಹುದ್ದೆಗಳಲ್ಲಿದ್ದೀರಿ, ಹಲವು ಜನರನ್ನು ಕೆಲಸಕ್ಕೆ ಇಟ್ಟುಕೊಂಡವರೂ ಇದ್ದೀರಿ. ಕೈಕೆಳಗಿನವನೊಬ್ಬ ಬಂದು, “ಇಲ್ಲಿ ಇರುವುದು ಕ್ಷೇಮವಲ್ಲ ಸ್ವಾಮಿ” ಎಂದರೆ ಅವನ ಮಾತನ್ನು ಒಮ್ಮೆ ಪೂರ್ತಿ ಕೇಳಿ. ಇನ್ನು, ಬರುವ ವಸಂತದಲ್ಲಿ ಚಾರಣಕ್ಕೆ ಹೊರಟವರಿಗೆ ಒಂದು ಕಿವಿಮಾತು. ಶಿಖರಕ್ಕೆ ಇನ್ನು ಅರ್ಧ ಗಂಟೆಯ ದಾರಿ ಉಳಿದಿರುವಾಗ ಮಾರ್ಗದರ್ಶಕ ಆಕಾಶವನ್ನೂ ಹಿಮವನ್ನೂ ನೋಡಿ ಹಿಂದಿರುಗೋಣವೆಂದರೆ, ಕೊಟ್ಟ ಹಣದ ಲೆಕ್ಕ ಹಾಕದೆ ಹಿಂದಿರುಗಿ. ಆ ಸ್ವಾತಂತ್ರ್ಯ ನಿಮಗಿದೆ. ಅದೇ ಹಿಮದ ಮೇಲೆ ನಿಂತಿರುವ ಎಷ್ಟೋ ಜನರಿಗೆ ಅದಿಲ್ಲ.